ಬಿಳಿ ಹಲ್ಲಿನ ನೆಗೆಣ್ಣಿ

ಟಾರ್ಚು ಹಿಡಿದ ಡಾಕ್ಟರು ನನ್ನ ಕಡೆಗೇ ತಿರುಗಿ, "ಬಾಯಿ ತಗೀರಿ, ನೋಡೂಣು" ಎಂದರು. ತಂಬಾಕು ಸುಟ್ಟು ಮಾಡಿದ ಮಸೇರಿ ತಿಕ್ಕಿ ತಿಕ್ಕಿ ಕಪ್ಪಾದ ನನ್ನ ಹಲ್ಲು ನೋಡಿ, ರೋಗಿ ನಾನೇ ಎಂದುಕೊಂಡಿದ್ದರು.

"ನಾನಲ್ರಿ ಸಾಹೇಬ್ರ, ಈಕೀನ ನೋಡ್ರಿ" ಎಂದು ಮೈದುನನ ಹೆಂಡತಿ ಶಾಂತವ್ವನನ್ನು ಮುಂದೆ ನೂಕಿದೆ. ಎಪ್ಪತ್ತರ ದಶಕದ ಮಾತು. ಟಿಕೋಟಾದಿಂದ ಬಸ್ಸು ಹಿಡಿದು ವಿಜಾಪುರಕ್ಕೆ ಬಂದಿದ್ದೆವು. ಅವಳ ಕುತ್ತಿಗೆಯ ಗಂಟು ಸುಣ್ಣ-ಬೆಲ್ಲ ಹಚ್ಚಿದರೂ ಕರಗಿರಲಿಲ್ಲ. ಅವಳು ತಂಬಾಕು ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. "ಹಲ್ಲಂದ್ರ ನಮ್ಮ ಶಾಂತಾಂದು" ಎಂದು ಅತ್ತೆ ಓಣಿಗೆಲ್ಲ ಹೇಳಿ ನನ್ನ ಹೊಟ್ಟೆ ಉರಿಸುತ್ತಿದ್ದರು. ಗಂಟಲಿನ ಕ್ಯಾನ್ಸರ್ ಎಂದು ಹೇಳುವ ಮೊದಲು ಆ ಡಾಕ್ಟರೂ ಅವಳ ಹಲ್ಲನ್ನೇ ಹೊಗಳಬೇಕೇ! ವರ್ಷದೊಳಗೆ ಶಾಂತವ್ವ ತೀರಿಕೊಂಡಳು.

ಕ್ಯಾನ್ಸರ್ ಬಂತೆಂದರೆ ಅವಳೂ ಕದ್ದು ಮಸೇರಿ ತಿಕ್ಕುತ್ತಿದ್ದಳು ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಮೊನ್ನೆ ನರ್ಸಿಂಗ್ ಓದುವ ಮೊಮ್ಮಗಳು, "ತಂಬಾಕು ಮುಟ್ಟದಿದ್ರೂ ಒಂದು ವೈರಸ್‌ನಿಂದ ಗಂಟಲಿಗೆ ಕ್ಯಾನ್ಸರ್ ಬರಬಹುದು, ಆಯಿ" ಎಂದಳು. ಆ ಒಂದು ಸಮಾಧಾನವೂ ಹೋಯಿತು. ಗೋಡೆಯ ಫೋಟೋದಲ್ಲಿ ಶಾಂತವ್ವ ಅದೇ ಹಲ್ಲು ತೋರಿಸಿ ನಗುತ್ತಿದ್ದಾಳೆ. ನನ್ನ ಬಾಯಲ್ಲಿ ಒಂದೂ ಉಳಿದಿಲ್ಲ.