ಅಪರೂಪದ ರಿಪೋರ್ಟಿನ ಮಾಲಕ

ರಬಕವಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ ನನ್ನ ಮಾತು ಕೇಳುವವರು ಯಾರೂ ಉಳಿಯಲಿಲ್ಲ. ಮಕ್ಕಳಾದರೂ ಗಂಟೆ ಹೊಡೆಯುವವರೆಗೆ ಕುಳಿತಿರುತ್ತಿದ್ದರು. ಕಟ್ಟೆಯ ಮೇಲಿನ ಹಿರಿಯರು ನಾನು ಬಾಯಿ ತೆರೆದೊಡನೆ ಎದ್ದು ಚಹಾಕ್ಕೆ ಹೋಗುತ್ತಿದ್ದರು.

ಹೀಗಿರುವಾಗ ಒಂದು ಜ್ವರ ಬಂದು ಹೋಯಿತು. ಜ್ವರ ಹೋದರೂ ಬಲಗೈ ಹೆಬ್ಬೆರಳಿನ ಬುಡದ ನೋವು ಹೋಗಲಿಲ್ಲ. ಬನಹಟ್ಟಿಯ ಡಾಕ್ಟರು ರಕ್ತ ತೆಗೆಸಿದರು. ದೇಹ ತನ್ನ ಜೀವಕೋಶಗಳ ಮೇಲೆ ತಾನೇ ಮುನಿದು ಪ್ರತಿಕಾಯ ತಯಾರಿಸಿಕೊಂಡಿದೆಯೇ ಎಂದು ನೋಡುವ ಪರೀಕ್ಷೆಗೆ ಅದನ್ನು ಹೊರಗೆ ಕಳಿಸಿದರು. ರಿಪೋರ್ಟು ನೇರವಾಗಿ ನನ್ನ ಮೊಬೈಲಿಗೇ ಬಂತು: ಎ.ಎನ್.ಎ. ಪಾಸಿಟಿವ್, ಸೆಂಟ್ರೊಸೋಮ್ ಪ್ಯಾಟರ್ನ್. ಜೊತೆಗೊಂದು ಚಿತ್ರವಿತ್ತು. ಕತ್ತಲೆಯಲ್ಲಿ ಮಸುಕಾದ ಜೀವಕೋಶಗಳು, ಒಂದೊಂದರಲ್ಲೂ ಹಸಿರಾಗಿ ಹೊಳೆಯುವ ಒಂದೋ ಎರಡೋ ಚುಕ್ಕಿ.

ಬೇರೆ ಯಾರಾದರೂ ಹೆದರುತ್ತಿದ್ದರು. ನಾನು ಖುಷಿಪಟ್ಟೆ. ಸೆಂಟ್ರೊಸೋಮ್ ಎಂದರೆ, ಕೋಶ ವಿಭಜನೆಯ ಚಿತ್ರ ಬರೆಯುವಾಗ ಎರಡೂ ತುದಿಗೆ ಸೀಮೆಸುಣ್ಣದಿಂದ ಕುಟ್ಟಿ ಕುಟ್ಟಿ ವರ್ಷವರ್ಷವೂ ನಾನು ಇಟ್ಟ ಚುಕ್ಕಿಯೇ. ಯಾವ ವಿದ್ಯಾರ್ಥಿಯೂ ನೆನಪಿಟ್ಟುಕೊಳ್ಳದ ಪಾಠವನ್ನು ನನ್ನ ರಕ್ತ ನೆನಪಿಟ್ಟುಕೊಂಡಿತ್ತು. ಮೊಬೈಲಿನಲ್ಲಿ ಹುಡುಕಿದಾಗ ‘ಅಪರೂಪ’ ಎಂಬ ಶಬ್ದ ಸಿಕ್ಕಿತು. ಅದರ ಮುಂದೆ ಬರೆದದ್ದನ್ನೆಲ್ಲ ಹಾರಿಸಿ, ಆ ಶಬ್ದ ಇನ್ನೆಲ್ಲೆಲ್ಲಿ ಇದೆ ಎಂದು ಹುಡುಕುತ್ತ ಕುಳಿತೆ.

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿ ಕೇಳಿದಳು, “ಜೀವಕ್ಕೇನೂ ಆಗಂಗಿಲ್ಲ, ಹೌದಲ್ರಿ?”

“ಮೊದಲ ಸೆಂಟ್ರೊಸೋಮ್ ಅಂದ್ರ ಏನಂತ ತಿಳ್ಕೊ” ಎಂದು ನಾನು ಶುರುಮಾಡಿದೆ. ನನ್ನ ವಿವರಣೆ ಮುಗಿಯುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು. ಅವಳು ಕೇಳಿದ್ದಕ್ಕೆ ಉತ್ತರ ಮಾತ್ರ ಅದರಲ್ಲಿ ಇರಲಿಲ್ಲ.

ನಮ್ಮ ಕಡೆ ಒಬ್ಬರಿಗೆ ಆರಾಮಿಲ್ಲವೆಂದರೆ ಬಳಗವೆಲ್ಲ ಬಂದು ಮಾತಾಡಿಸಿ ಹೋಗಬೇಕು. ಬರದಿದ್ದರೆ ಆ ಮುನಿಸು ಮುಂದಿನ ಮದುವೆಯವರೆಗೂ ಉಳಿಯುತ್ತದೆ. ಮುಧೋಳದಿಂದ, ಬೀಳಗಿಯಿಂದ, ಹಿಪ್ಪರಗಿಯಿಂದ ಜನ ಬ್ರೆಡ್ಡು, ಬಾಳೆಹಣ್ಣು ಹಿಡಿದು ಬಂದರು. ಬೇನೆಯವನ ಮಾತನ್ನು ನಡುವೆ ಕತ್ತರಿಸಿ ಎದ್ದು ಹೋಗುವುದು ಚಂದವಲ್ಲ ಎಂಬುದು ಅವರಿಗೆ ಗೊತ್ತಿತ್ತು, ನನಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಇಂಥ ತರಗತಿ ನನಗೆ ನೌಕರಿಯಲ್ಲಿದ್ದಾಗಲೂ ಸಿಕ್ಕಿರಲಿಲ್ಲ. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡ ವೃತ್ತ ಬರೆದು ಚುಕ್ಕಿ ಇಟ್ಟು ತೋರಿಸುತ್ತಿದ್ದೆ.

ಸಾವಳಗಿಯಿಂದ ಬಂದ ನಮ್ಮ ದೊಡ್ಡಪ್ಪನ ಮಗ, ನನಗಿಂತ ಹಿರಿಯ, ಎಲ್ಲವನ್ನೂ ಕೇಳಿ ಎಲೆ ಅಡಿಕೆ ಅಗಿಯುತ್ತ ಹೇಳಿದ, “ಎರಡ ಚುಕ್ಕಿಗೆ ಇಷ್ಟ ಹೈರಾಣ ಆಗೀಯಲ್ಲೋ ತಮ್ಮಾ. ನಮ್ಮ ಸೊಸಿ ದಿನಾ ಮುಂಜಾನೆ ಅಂಗಳದಾಗ ಹತ್ತಿಪ್ಪತ್ತು ಇಡ್ತಾಳ.”

ಅವನ ಅಜ್ಞಾನಕ್ಕೆ ಮರುಗಿ ಪಾಠವನ್ನು ಮೊದಲಿಂದ ಮತ್ತೆ ಹೇಳಿದೆ. ಅವನನ್ನು ಬಸ್ಸಿಗೆ ಹತ್ತಿಸಿ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅದೇ ಪ್ರಶ್ನೆ. “ಇದರ ಮ್ಯಾಲ ಇನ್ನೂ ಸಂಶೋಧನೆ ನಡದೈತಿ” ಎಂದೆ, ಆ ಸಂಶೋಧನೆಯನ್ನು ನಾನೇ ನಡೆಸುತ್ತಿರುವ ಗತ್ತಿನಲ್ಲಿ.

ಕೊನೆಗೆ ಅವಳೇ ಹಟ ಹಿಡಿದು ಜಮಖಂಡಿಯ ಕೀಲುನೋವಿನ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದಳು. ಡಾಕ್ಟರಮ್ಮ ರಿಪೋರ್ಟನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟು ನನ್ನನ್ನು ಪರೀಕ್ಷಿಸತೊಡಗಿದರು. ಥಂಡಿಯಲ್ಲಿ ಬೆರಳು ಬಿಳಿಚುತ್ತವೆಯೇ? ಇಲ್ಲ. ಮುಖದ ಮೇಲೆ ಕೆಂಪು ಗಂದೆ? ಇಲ್ಲ. ಬಾಯಿ, ಕಣ್ಣು ಒಣಗುತ್ತವೆಯೇ? ನನ್ನ ಬಾಯಿ ಒಣಗುವ ಪೈಕಿ ಅಲ್ಲವೆಂದು ಹೆಂಡತಿಯೇ ಹೇಳಿದಳು. ಒಂದೊಂದು ‘ಇಲ್ಲ’ಕ್ಕೂ ನಾನು ಮೌಖಿಕ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುತ್ತಿದ್ದ ಹುಡುಗನ ಹಾಗೆ ಕುಗ್ಗುತ್ತ ಹೋದೆ.

“ಸರ, ಇದು ಅಪರೂಪ ಖರೆ” ಎಂದರು ಡಾಕ್ಟರಮ್ಮ. “ಆದ್ರ ಅಪರೂಪ ಇದ್ದದ್ದೆಲ್ಲಾ ಬ್ಯಾನಿ ಅಲ್ರಿ. ಆರಾಮ ಇದ್ದವರ ರಕ್ತದಾಗೂ ಸಿಗತೈತಿ, ಜ್ವರ ಬಂದು ಹೋದ ಮ್ಯಾಲೂ ಒಮ್ಮೊಮ್ಮೆ ಕಾಣತೈತಿ. ನಿಮ್ಮದು ಪ್ರಮಾಣನೂ ಕಡಿಮಿ ಐತಿ. ಇದೊಂದನ್ನ ಹಿಡಕೊಂಡು ಇಂಥಾದ್ದ ರೋಗ ಅನ್ನಾಕ ಬರಂಗಿಲ್ಲ. ನಾ ಕೇಳಿದ ಲಕ್ಷಣ ಮುಂದ ಯಾವುದರ ಕಂಡ್ರ ಬರ್ರಿ. ಹೆಬ್ಬೆರಳಿನ ಕೀಲು ವಯಸ್ಸಿಗೆ ಸವದೈತಿ, ಅಷ್ಟ. ಮೊಬೈಲ ಭಾಳ ಹಿಡೀತೀರೇನ್ರಿ?”

ಸೆಂಟ್ರೊಸೋಮಿನ ಬಗ್ಗೆ ಓದಲೆಂದೇ ಹಿಡಿಯುತ್ತೇನೆಂದು ಹೇಳುವ ಧೈರ್ಯ ಬರಲಿಲ್ಲ. “ಇನ್ನೊಮ್ಮೆ ಟೆಸ್ಟ್ ಮಾಡಿಸಿದ್ರ ಪ್ರಮಾಣ ಹೆಚ್ಚಾಗಿರಬಹುದಲ್ರಿ?” ಎಂದು ಆಸೆಯಿಂದ ಕೇಳಿದೆ. ಡಾಕ್ಟರಮ್ಮ ನಕ್ಕರು.

ಹೆಂಡತಿ ನಗಲಿಲ್ಲ. ಕುರ್ಚಿಯ ಅಂಚಿಗೆ ಬಂದು ಕೇಳಿದಳು, “ಅವ್ವಾರ, ಇವರ ಜೀವಕ್ಕೇನೂ ಆಗಂಗಿಲ್ಲ, ಹೌದಲ್ರಿ?”

“ಏನೂ ಆಗಂಗಿಲ್ರಿ ತಾಯಿ.”

ಉತ್ತರ ಇಷ್ಟೇ ಇತ್ತು.

ಹೊರಗೆ ಬಂದು ಬಸ್ ನಿಲ್ದಾಣದ ಕಡೆ ನಡೆಯುವಾಗ ನನ್ನ ಮುಖ ಬಾಡಿತ್ತು. ಬೀಳಗಿಯ ಬೀಗರು ಆದಿತ್ಯವಾರ ಮತ್ತೆ ಬರುತ್ತೇವೆಂದಿದ್ದರು, ಅವರಿಗೆ ಏನು ಹೇಳುವುದೆಂಬ ಚಿಂತೆ ಹತ್ತಿತ್ತು. ಬಿಸಿಲು ಸುಡುತ್ತಿತ್ತು. ಅವಳು ಒಂದು ಚಪ್ಪಲಿ ಅಂಗಡಿಯ ಮುಂದೆ ನಿಂತಳು.

“ಮನ್ಯಾಗ ಎರಡ ಜೋಡಿ ಅದಾವಲ್ಲ” ಎಂದೆ.

“ಮನಿ ಮುಟ್ಟೂತನಾ ತಡಕೊಳ್ಳಾಕ ಆಗಂಗಿಲ್ರಿ. ಕಾಲು ಸುಡಾಕತ್ತಾವ.”

ಆಗ ಕೆಳಗೆ ನೋಡಿದೆ. ಬರಿಗಾಲು. ಹಿಮ್ಮಡಿ ಸೀಳಿ ರಕ್ತ ಒಣಗಿತ್ತು, ಬೆರಳುಗಳ ಬುಡದಲ್ಲಿ ಗುಳ್ಳೆಗಳು ಎದ್ದು ಒಡೆದಿದ್ದವು.

“ಎಂದಿನಿಂದ?” ಎಂದೆ.

“ನಿಮ್ಮ ರಿಪೋರ್ಟ ಬಂದ ದಿನದಿಂದ. ಏನೂ ಇಲ್ಲ ಅಂತ ಡಾಕ್ಟರ ಬಾಯಿಂದ ಕೇಳೂತನಾ ಚಪ್ಪಲಿ ಮೆಟ್ಟಂಗಿಲ್ಲ ಅಂತ ಮಲ್ಲಯ್ಯಗ ಬೇಡ್ಕೊಂಡಿದ್ನಿ.”

ಬಂದವರಿಗೆಲ್ಲ ಚಹಾ ಕೊಟ್ಟವಳು, ಸಂತೆಗೆ ಹೋಗಿ ಬಂದವಳು, ನಾನು ಸೀಮೆಸುಣ್ಣ ಹಿಡಿದು ಕುಳಿತಿದ್ದ ಪಡಸಾಲೆಯನ್ನು ದಿನವೂ ದಾಟಿ ಓಡಾಡಿದವಳು ಇವಳೇ. ಅಂಗಡಿಯವನು ಒಂದು ಮೆತ್ತನೆಯ ಜೋಡಿ ಕೊಟ್ಟ. ಅದನ್ನು ನಾನೇ ಇಸಿದುಕೊಂಡು ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತೆ. ಒಡೆದ ಗುಳ್ಳೆಗೆ ತಾಗದಂತೆ ಪಟ್ಟಿ ಸರಿಸಿ, ಒಂದು ಕಾಲಿಗೆ ಹಾಕಿದೆ.

“ಏಳ್ರಿ, ಮಂದಿ ನೋಡಾಕತ್ತಾರ” ಎಂದಳು.

“ಆ ಕಾಲೂ ಕೊಡು” ಎಂದೆ.