ನರಸೀಪುರದಲ್ಲಿ ಬಿಟ್ಟು ಬಂದ ಮಾದರಿ

ಮೈಸೂರಿನಿಂದ ಬೆಳಗಿನ ಬಸ್ಸಿನಲ್ಲಿ ನಂಜನಗೂಡಿಗೆ ಹೊರಟೆವು. ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿನ್ಯಾಸ ಕಲಿಸುವ ಮೇಷ್ಟ್ರು. ಜೊತೆಗಿದ್ದವಳು ಎರಡನೇ ವರ್ಷದ ವಿದ್ಯಾರ್ಥಿನಿ ಚೈತ್ರಾ. ಅವಳಿಗೆ ಹೆಂಗಸರಿಗೆ ಕೊಡುವ ಸೊನ್ನೆ ಟಿಕೆಟ್, ನನಗೆ ದುಡ್ಡಿನದು. ಕಾಲೇಜಿನ ತ್ರೀಡಿ ಪ್ರಿಂಟರ್ ಕೆಟ್ಟಿದ್ದರಿಂದ, ಅವಳ ಮಾದರಿಯನ್ನು ನಂಜನಗೂಡಿನ ಬಳಿಯ ತಾಂಡ್ಯದಲ್ಲಿ ಸಣ್ಣ ಕಾರ್ಖಾನೆ ನಡೆಸುವ ನನ್ನ ಗೆಳೆಯ ಪ್ರಿಂಟ್ ಮಾಡಿಸಿಟ್ಟಿದ್ದ. ಒಂದು ಪೀಠ, ಅದರ ಮೇಲೆ ಹೂವಿನ ತೊಟ್ಟು ಹಿಡಿಯುವ ಇಕ್ಕಳ. ನೋಡಲು ಚೆನ್ನಾಗಿತ್ತು.

ಅದನ್ನು ಅವನಿಂದ ತೆಗೆದುಕೊಂಡು, ನಂಜನಗೂಡಿನಲ್ಲಿ ಇಡ್ಲಿ ತಿಂದು ನರಸೀಪುರದ ಬಸ್ಸು ಹತ್ತಿದೆವು. ಬಿಸಿಲು ಏರಿತ್ತು. ದಾರಿಯುದ್ದಕ್ಕೂ ಚೈತ್ರಾ ಇಕ್ಕಳದ ಅಂಚನ್ನು ಉಪ್ಪುಕಾಗದದಿಂದ ಉಜ್ಜುತ್ತಲೇ ಇದ್ದಳು.

"ಸರ್, ಸೋಮವಾರ ಮಾರ್ಕ್ಸ್ ಹಾಕೋದು ಇದಕ್ಕೇ ಅಲ್ವಾ?"

"ಮೊದಲು ಅವರು ಹಿಡಿದು ನೋಡಲಿ."

ಅವರು ಅಂದರೆ ಮಹದೇವಮ್ಮ, ನಮ್ಮ ಪ್ರಯೋಗಾಲಯದ ಸಹಾಯಕರ ಅಕ್ಕ. ಹೂ ಕಟ್ಟಿ ಮಾರುತ್ತಿದ್ದವರು. ಲಕ್ವ ಹೊಡೆದು ಎಡಗೈ ಹಿಡಿತ ಕಳೆದುಕೊಂಡ ಮೇಲೆ ಕಟ್ಟಲಾಗದೆ ಬಿಡಿ ಹೂ ಮಾತ್ರ ಮಾರುತ್ತಿದ್ದರು.

ನರಸೀಪುರದ ತಮ್ಮ ಮನೆಯ ಜಗಲಿಯ ಮೇಲೆ ಕೂತು ಅವರು ಎರಡು ಮಲ್ಲಿಗೆ ಇಕ್ಕಳಕ್ಕೆ ಸಿಕ್ಕಿಸಿ ನೂಲು ಎಳೆದರು. ಹೂ ಕೆಳಗೆ ಬಿತ್ತು. ಮತ್ತೆ ಸಿಕ್ಕಿಸಿದರು.

"ತೊಟ್ಟು ಮುರ್ದೋಯ್ತದೆ ಕಣವ್ವ. ಇಂಥ ಊವ ಯಾರ್ ತಕತಾರೆ?"

ಚೈತ್ರಾಳ ಮುಖ ಸಣ್ಣದಾಯಿತು. ಬೇಗ ಮಾಡಿ, ಬೇಗ ತೋರಿಸಿ, ತಪ್ಪಿದರೆ ಮತ್ತೆ ಮಾಡಿ ಎಂದು ತರಗತಿಯಲ್ಲಿ ಹೇಳುವುದು ನನಗೆ ಸುಲಭ.

ಸ್ವಲ್ಪ ಹೊತ್ತಿಗೆ ಅವಳು ಅಂಗಳದ ತಂತಿಯಿಂದ ಬಟ್ಟೆಯ ಕ್ಲಿಪ್ಪೊಂದನ್ನು ಕಿತ್ತಳು. ಪಾತ್ರೆ ಉಜ್ಜುವ ಸ್ಪಂಜು ಕತ್ತರಿಸಿ ಅದರ ಬಾಯಿಗೆ ಅಂಟಿಸಿದಳು. ಇಕ್ಕಳ ಮುರಿದು ತೆಗೆದು, ಪೀಠಕ್ಕೆ ಕ್ಲಿಪ್ಪನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದಳು. ಅಷ್ಟು ಹೊತ್ತು ಉಜ್ಜಿದ ಇಕ್ಕಳ ನೆಲದ ಮೇಲೆ ಬಿದ್ದಿತ್ತು.

ಈ ಸಲ ಹೂ ನಿಂತಿತು. ಮಹದೇವಮ್ಮ ಒಂದು ಗಂಟು ಹಾಕಿದರು, ಇನ್ನೊಂದು, ಮತ್ತೊಂದು. ಗೇಣುದ್ದ ಮಾಲೆಯಾದಾಗ ಅದನ್ನು ಮೇಲೆತ್ತಿ ನೋಡಿದರು.

"ಅಮ್ಮ, ಇದನ್ನ ತಗೊಂಡೋಗಿ ಸರಿಯಾಗಿ ಮಾಡ್ಕೊಂಡು ಬರ್ತೀನಿ," ಎಂದಳು ಚೈತ್ರಾ.

"ಒಸ್ದು ಬಂದಾಗ ಬರ್ಲಿ. ಇದ ಬುಟ್ಟೋಗವ್ವ, ನಾಳೀಕೆ ಊವ ಕಟ್ಬೇಕು."

ಚೈತ್ರಾ ನನ್ನ ಕಡೆ ನೋಡಿದಳು. ಸೋಮವಾರ ತೋರಿಸಲು ಅವಳ ಬಳಿ ಬೇರೇನೂ ಇರಲಿಲ್ಲ.

"ನಿನ್ನ ಮಾದರಿ, ನೀನೇ ಹೇಳು," ಎಂದೆ.

ಅವಳು ಫೋಟೊ ತೆಗೆದುಕೊಂಡಳು, ಅಳತೆ ಹಿಡಿದಳು. ಪೀಠವನ್ನು ಮಹದೇವಮ್ಮನ ಮುಂದೆ ಸರಿಸಿಟ್ಟಳು.

ನಾವು ಹತ್ತಿದ ಆಟೊ ಬೀದಿ ತಿರುಗುವಾಗ ಹಿಂದಕ್ಕೆ ನೋಡಿ ಚೈತ್ರಾ ಕೈ ಬೀಸಿದಳು. ಮಹದೇವಮ್ಮ ತಲೆ ಎತ್ತಲಿಲ್ಲ. ಹೂ ಕಟ್ಟುತ್ತಿದ್ದರು.