ಬಾಯಾರ ಕಾರಿನ ಮುಂದಿನ ಗಾಲಿಗಳು

ಮೊನ್ನೆ ಮೊಮ್ಮಗಳ ಜೊತೆ ದವಾಖಾನೆಗೆ ಹೋಗಿ ಬರುವಾಗ ಅವಳು ಮುಳಗುಂದ ನಾಕಾದ ಹತ್ತಿರ ಒಂದು ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದಳು. ಕಾರು ಎಡಕ್ಕೆ ಎಳೆಯುತ್ತಿತ್ತಂತೆ. ನನಗೊಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. ಮಿಸ್ತ್ರಿ ಮುಂದಿನ ಗಾಲಿ ಬಿಚ್ಚಿ, ಅದನ್ನು ನನ್ನ ಪಕ್ಕದ ಗೋಡೆಗೇ ಒರಗಿಸಿಟ್ಟು ಹೋದ. ಕಾದ ರಬ್ಬರಿನ ವಾಸನೆ ಬಂತು. ನೋಡಿದರೆ ಟೈರಿನ ಹೊರಭಾಗ ಹೊಸದರ ಹಾಗಿತ್ತು, ಒಳಗಿನ ಅಂಚು ಮಾತ್ರ ಸವೆದು ನುಣ್ಣಗಾಗಿತ್ತು. ಸುಮ್ಮನೆ ಅದರ ಮೇಲೆ ಕೈಯಾಡಿಸಿದೆ. ಹೀಗೆ ಸವೆದ ಟೈರನ್ನು ನಾನು ಮುಟ್ಟಿ ಎಷ್ಟು ಕಾಲವಾಯಿತೋ... ನಮ್ಮ ಡಾಕ್ಟರ್ ಬಾಯಾರು ನೆನಪಾದರು.

ಬೆಟಗೇರಿಯಲ್ಲಿ ಅವರದೊಂದು ಸಣ್ಣ ಹೆರಿಗೆ ದವಾಖಾನೆ ಇತ್ತು. ಸ್ವಾತಂತ್ರ್ಯ ಬರುವುದಕ್ಕೆ ತುಸು ಮೊದಲು ನಾನು ಅಲ್ಲಿ ನರ್ಸಾಗಿ ಸೇರಿದೆ. ನನಗಾಗ ಇಪ್ಪತ್ತರ ಆಸುಪಾಸು. ಊರಿನವರೆಲ್ಲ ಅವರನ್ನು ಗೌರವದಿಂದ ಬಾಯಾರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಎತ್ತರದ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಗಿಸಿ, ಕಾಲಿಗೆ ಗಂಡಸರ ಕ್ಯಾನ್ವಾಸ್ ಬೂಟು ಹಾಕಿಕೊಂಡು ಓಡಾಡುತ್ತಿದ್ದರು. ಮಾತು ಕಡಿಮೆ. ಬಾಣಂತಿಯರಿಗೂ ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು, ಆದರೆ ಹೇಳಿದ ಮೇಲೆ ಮಂಚದ ಪಕ್ಕದಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತಿರುತ್ತಿದ್ದರು.

ಅವರ ಯಜಮಾನರು ಗದಗಿನ ಹತ್ತಿ ಪ್ರೆಸ್ಸಿನಲ್ಲಿ ಇಂಜಿನಿಯರ್. ಆ ಮನುಷ್ಯನಿಗೆ ಇದ್ದದ್ದು ಒಂದೇ ಹುಚ್ಚು, ಕಾರಿನ ರೇಸು. ಎಲ್ಲಿಂದಲೋ ಒಂದು ಹಳೆಯ ಕಾರು ತಂದು, ಅದರ ಮಾಡು, ಬಾಗಿಲು, ಹಿಂದಿನ ಸೀಟು ಎಲ್ಲ ಕಿತ್ತುಹಾಕಿ ಹಗುರ ಮಾಡಿದ್ದರು. ಪುಣೆಯ ಕಡೆ ಪಂದ್ಯಗಳಾದರೆ ರೇಲ್ವೆ ವ್ಯಾಗನ್ನಿನಲ್ಲಿ ಅದನ್ನು ಹೇರಿಕೊಂಡು ಹೋಗುತ್ತಿದ್ದರು. ರವಿವಾರ ಮುಂಡರಗಿ ರಸ್ತೆಯ ಆಚೆಗಿದ್ದ ಒಂದು ಬಯಲಿನಲ್ಲಿ ಸುಣ್ಣದಿಂದ ತಿರುವುಗಳನ್ನು ಬರೆದು ಓಡಿಸಿ ನೋಡುತ್ತಿದ್ದರು. ಬಾಯಾರು, ನಾನು ಜಾಲಿಮರದ ಕೆಳಗೆ ಬ್ಯಾಂಡೇಜಿನ ಡಬ್ಬಿ ಇಟ್ಟುಕೊಂಡು ಕೂರುತ್ತಿದ್ದೆವು. ಅದನ್ನು ತೆರೆಯುವ ಪ್ರಸಂಗ ಬರಲಿಲ್ಲ. ಧೂಳೆಬ್ಬಿಸಿಕೊಂಡು ಕಾರು ತಿರುಗುವಾಗ ಬಾಯಾರ ಮುಖ ನೋಡಬೇಕಿತ್ತು. ಹಾಗೆ ನಗುವುದನ್ನು ನಾನು ಕಂಡದ್ದು ಆ ಬಯಲಿನಲ್ಲಿ ಮಾತ್ರ.

ಆ ಕಾರಿನ ಮುಂದಿನ ಗಾಲಿಗಳು ನೆಟ್ಟಗಿರಲಿಲ್ಲ. ಮೇಲ್ಭಾಗ ಒಳಕ್ಕೆ ವಾಲಿ, ಕೆಳಭಾಗ ಹೊರಕ್ಕೆ ಚಾಚಿ, ಕಾಲು ಅಗಲಿಸಿ ನಿಂತ ಎತ್ತಿನ ಹಾಗೆ ಕಾಣುತ್ತಿತ್ತು. ಕೆಟ್ಟಿರಬೇಕು ಅಂದುಕೊಂಡು ಒಮ್ಮೆ ಕೇಳಿದೆ. ಯಜಮಾನರಿಗೆ ಅಷ್ಟು ಸಾಕಾಯಿತು. ನೆಲದ ಮೇಲೆ ಕೂತು ನಮ್ಮಿಬ್ಬರಿಗೂ ವಿವರಿಸಿದರು. ಜೋರಾಗಿ ತಿರುಗುವಾಗ ಕಾರಿನ ಭಾರವೆಲ್ಲ ಹೊರಬದಿಯ ಗಾಲಿಯ ಮೇಲೆ ಬೀಳುತ್ತದೆ, ಗಾಲಿ ಹೊರಕ್ಕೆ ಮಗುಚುತ್ತದೆ. ಮೊದಲೇ ಒಳಕ್ಕೆ ವಾಲಿಸಿಟ್ಟರೆ ಆ ಹೊತ್ತಿಗೆ ಸರಿಯಾಗಿ ನೆಟ್ಟಗಾಗಿ, ಟೈರು ಪೂರ್ತಿ ನೆಲ ಹಿಡಿಯುತ್ತದೆ. ಅದಕ್ಕಾಗಿ ಅವರು ಪ್ರೆಸ್ಸಿನ ವರ್ಕ್‌ಶಾಪಿನಲ್ಲಿ ಮುಂದಿನ ಗಾಲಿಗಳನ್ನು ಹೊತ್ತ ಅಚ್ಚನ್ನೇ ಬಗ್ಗಿಸಿದ್ದರು. ಎರಡನೆಯದು, ಎರಡೂ ಗಾಲಿಗಳ ಮುಂದಿನ ತುದಿಗಳನ್ನು ಒಂದಿಷ್ಟು ಹೊರಕ್ಕೆ ತೆರೆದಿಟ್ಟಿದ್ದರು. ಸ್ಟೇರಿಂಗ್ ಮುಟ್ಟಿದರೆ ಸಾಕು, ಮೂತಿ ತಿರುಗುತ್ತಿತ್ತು. ಮೂರನೆಯದು, ಗಾಲಿ ಯಾವ ಗೂಟದ ಮೇಲೆ ತಿರುಗುತ್ತದೋ ಆ ಗೂಟ. ಬೇರೆ ಕಾರುಗಳಲ್ಲಿ ಅದರ ತಲೆ ಹಿಂದಕ್ಕೆ ಓರೆಯಾಗಿರುತ್ತದೆ, ಆದ್ದರಿಂದ ತಿರುವು ಮುಗಿದ ಮೇಲೆ ಗಾಲಿ ತಾನಾಗಿ ನೇರವಾಗುತ್ತದೆ. ಇವರು ಅಚ್ಚಿನ ಕೆಳಗಿನ ಬೆಣೆ ತೆಗೆದು ಆ ಓರೆಯನ್ನು ಹೆಚ್ಚುಕಡಿಮೆ ಇಲ್ಲವಾಗಿಸಿದ್ದರು. ಸ್ಟೇರಿಂಗ್ ಹೂವಿನಷ್ಟು ಹಗುರ, ಆದರೆ ತಾನಾಗಿ ಮರಳುತ್ತಿರಲಿಲ್ಲ, ಕೈಯಿಂದಲೇ ತಂದು ನಿಲ್ಲಿಸಬೇಕು.

ಬಾಯಾರು ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು. "ಮತ್ತ ನೆಟ್ಟನ ರಸ್ತಾದಾಗ?"

ಯಜಮಾನರು ನಕ್ಕರು. "ನೆಟ್ಟನ ರಸ್ತಾದಾಗ ಇದರ ತಲಿ ನಿಲ್ಲಾಂಗಿಲ್ಲ. ಅದಕ್ಕ ತಿರುವು ಅಷ್ಟ ಬೇಕು."

ಗಾಲಿಗಳನ್ನು ಜೋಡಿಸುವ ಅಡ್ಡರಾಡಿನ ಮೇಲೆ, ನಟ್ಟು ಇರಬೇಕಾದ ಜಾಗದಲ್ಲಿ, ಬಿಳಿ ಬಣ್ಣದಿಂದ ಒಂದು ಸಣ್ಣ ಗೆರೆ ಹಾಕಿದ್ದರು. ಮುಂದಿನ ಪಂದ್ಯಕ್ಕೆ ಇದೇ ಅಳತೆ, ಯಾರೂ ಅಲುಗಿಸಬಾರದು ಎಂದಿದ್ದರು.

ಆ ಪಂದ್ಯಕ್ಕೆ ಅವರು ಹೋಗಲಿಲ್ಲ. ವಿಷಮಜ್ವರ ಬಂತು. ಬಾಯಾರು ಹುಬ್ಬಳ್ಳಿಯಿಂದ ಡಾಕ್ಟರರನ್ನು ಕರೆಸಿದರು, ತಾವೂ ಹಾಸಿಗೆಯ ಪಕ್ಕ ಬಿಟ್ಟೇಳಲಿಲ್ಲ. ಜ್ವರ ಇಳಿಯಲಿಲ್ಲ. ಬಾಯಾರು ಅತ್ತದ್ದನ್ನು ನಾನು ನೋಡಲಿಲ್ಲ. ನೆಂಟರೆಲ್ಲ ಹೋದ ಮರುದಿನ ದವಾಖಾನೆಯ ಬಾಗಿಲು ತೆರೆದು, ಕುದಿಯುವ ನೀರಿಗೆ ಕತ್ತರಿ ಹಾಕಲು ನನಗೆ ಹೇಳಿದರು. ನಾನು ಹಾಕಿದೆ. ಆ ದಿನಗಳ ಬಗ್ಗೆ ಅದಕ್ಕಿಂತ ಹೆಚ್ಚು ನೆನಪಿಲ್ಲ...

ಅದುವರೆಗೆ ಹಳ್ಳಿಗಳಿಂದ ಕರೆ ಬಂದರೆ ಟಾಂಗಾ, ಇಲ್ಲವೇ ಬಾಡಿಗೆ ಬಸ್ಸು, ಅಂದರೆ ಸರ್ವೀಸ್ ಮೋಟಾರು. ಒಂದು ದಿನ ಬಾಯಾರು ಆ ಕಾರನ್ನು ಹೊರಗೆ ತೆಗೆದರು. ಓಡಿಸುವುದನ್ನು ಯಜಮಾನರೇ ಕಲಿಸಿದ್ದರು. ಹಿಂದೆ ಒಂದು ಹಲಗೆ ಬಿಗಿಸಿ ಸೀಟು ಮಾಡಿಸಿದರು. ಪೆಟ್ರೋಲು ರೇಷನ್ನಿನ ಕಾಲ, ಡಾಕ್ಟರರೆಂದು ಅಷ್ಟಿಷ್ಟು ಸಿಗುತ್ತಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಿಗೆ ಕರೆ ಬಂದರೂ ಅದರಲ್ಲೇ ಹೋಗುತ್ತಿದ್ದೆವು.

ಯಜಮಾನರು ಹೇಳಿದ್ದು ಖರೆಯಾಗಿತ್ತು. ನೇರ ರಸ್ತೆಯಲ್ಲಿ ಕಾರು ಒಂದು ಗಳಿಗೆ ನೆಟ್ಟಗೆ ಹೋಗುತ್ತಿರಲಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಒಂದು ಕಲ್ಲು ತಾಗಿದರೆ ಆ ಕಡೆಗೇ ಓಡುತ್ತಿತ್ತು. ಬಾಯಾರು ಎರಡೂ ಕೈಯಿಂದ ಹಿಡಿದು ತಂದು ತಂದು ನಿಲ್ಲಿಸುತ್ತಿದ್ದರು. ಲಕ್ಷ್ಮೇಶ್ವರಕ್ಕೆ ಹೋಗಿ ಬಂದ ದಿನ ಅವರ ಮುಂಗೈ ಬಾತಿರುತ್ತಿತ್ತು, ನಾನು ಬಿಸಿ ಉಪ್ಪಿನ ಗಂಟಿನಿಂದ ಕಾವು ಕೊಡುತ್ತಿದ್ದೆ. ಟೈರಿನ ಒಳ ಅಂಚು ಬೇಗ ಬೇಗ ಸವೆಯುತ್ತಿತ್ತು. ಪ್ರೆಸ್ಸಿನ ಹಳೆಯ ಫಿಟರ್ ಬಂದು ನೋಡಿ, ಗಾಲಿ ನೆಟ್ಟಗೆ ಮಾಡಿಕೊಡುತ್ತೇನೆ, ಅರ್ಧ ದಿನದ ಕೆಲಸ ಎಂದರು. ಬಾಯಾರು ಬೇಡವೆಂದರು. ಟೈರನ್ನೇ ಬಿಚ್ಚಿಸಿ ಒಳಗಿನ ಅಂಚು ಹೊರಗೆ ಬರುವಂತೆ ಮಗುಚಿ ಹಾಕಿಸಿದರು. ಗಾಲಿಯ ಅಳತೆಯನ್ನು ಮುಟ್ಟಗೊಡಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಸ್ವಾತಂತ್ರ್ಯ ಬಂತು. ಗದಗಿನಲ್ಲಿ ಮೆರವಣಿಗೆಯಾಯಿತು, ಕಾರಿನ ಮೂತಿಗೆ ಯಾರೋ ಬಾವುಟ ಕಟ್ಟಿದರು. ಅದನ್ನು ಕಟ್ಟಿಕೊಂಡೇ ಮರುದಿನ ಲಕ್ಷ್ಮೇಶ್ವರಕ್ಕೆ ಹೋದೆವು. ಅತ್ತ ಇನ್ನೂ ಸಂಸ್ಥಾನದ ಆಳ್ವಿಕೆ ಇತ್ತು. ಗಡಿಯ ನಾಕಾದ ಸಿಪಾಯಿ ಬಾವುಟವನ್ನೂ ನಮ್ಮನ್ನೂ ನೋಡಿ ಸುಮ್ಮನೆ ಅಡ್ಡಗೋಲು ಎತ್ತಿದ. ಬಾಯಾರ ಮುಖದಲ್ಲಿ ಏನೂ ಇರಲಿಲ್ಲ. ಸಂತೋಷವಾಗಬೇಕಿತ್ತು ಎಂದು ನನಗೂ ಆಮೇಲೆ ಅನ್ನಿಸಿತು.

ಸಂಸ್ಥಾನಗಳು ಹೋಗಿ ಆ ನಾಕಾ ಎತ್ತಿದ ವರ್ಷ, ಮಳೆಗಾಲ ಮುಗಿದ ಮೇಲೆ, ಯಳವತ್ತಿಯಿಂದ ಒಬ್ಬ ರೈತರು ಬೆಳಗಿನ ಮೋಟಾರಿಗೆ ಬಂದರು. ಮಗಳಿಗೆ ಚೊಚ್ಚಲ ಹೆರಿಗೆ, ಹಿಂದಿನ ದಿನದಿಂದ ಬ್ಯಾನಿ ತಿನ್ನುತ್ತಿದ್ದಾಳೆ, ಈಗ ರಕ್ತ ಹೋಗಲು ಶುರುವಾಗಿದೆ ಎಂದರು. ಬಾಯಾರು ಚೀಲ ತೆಗೆದುಕೊಂಡರು. ಆ ರೈತರು ಹಿಂದೆ ಹಲಗೆಯ ಮೇಲೆ ಕೂತರು, ನಾನು ಮುಂದೆ.

ಮುಳಗುಂದ ದಾಟುವವರೆಗೆ ಹೇಗೋ ಹೋದೆವು. ಆಮೇಲೆ ಎರೆಮಣ್ಣಿನ ದಾರಿ. ಮಳೆಯಲ್ಲಿ ಬಂಡಿಗಳು ಕೊರೆದ ಜಾಡುಗಳು ಒಣಗಿ ಕಲ್ಲಿನಂತಾಗಿದ್ದವು. ವಾಲಿದ ಟೈರಿನ ಅಂಚು ಆ ಜಾಡಿಗೆ ಸಿಕ್ಕರೆ ಜಾಡು ಎಳೆದ ಕಡೆಗೇ ಗಾಲಿ ಹೋಗುತ್ತಿತ್ತು. ಬಾಯಾರು ಬಿಡಿಸಿಕೊಂಡರೆ ಇನ್ನೊಂದು ಬದಿಯ ಜಾಡು ಹಿಡಿಯುತ್ತಿತ್ತು. ನಿಧಾನ ಮಾಡುವಂತಿರಲಿಲ್ಲ, ಹಿಂದೆ ಆ ತಂದೆ ಕೂತಿದ್ದರು. ಒಂದು ಸಣ್ಣ ಸೇತುವೆಯ ಹತ್ತಿರ ಕಾರು ಜಗ್ಗಿತು. ಬಾಯಾರು ಸ್ಟೇರಿಂಗ್ ತಿರುಗಿಸಿದರು, ಮೂತಿ ಬೇಕಾದದ್ದಕ್ಕಿಂತ ಹೆಚ್ಚು ತಿರುಗಿತು, ವಾಪಸು ತರುವಷ್ಟರಲ್ಲಿ ಮುಂದಿನ ಗಾಲಿ ಸೇತುವೆಯ ಅಂಚಿನಿಂದ ಕೆಳಗಿಳಿಯಿತು. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಅಚ್ಚು ಕಲ್ಲಿನ ಮೇಲೆ ಕೂತುಬಿಟ್ಟಿತ್ತು.

ಆ ತಂದೆ ಬಂಡಿ ಹುಡುಕುತ್ತ ಹೊಲಗಳ ಕಡೆ ಓಡಿದರು. ನಾವು ಚೀಲ ಹೊತ್ತು ಅವರ ಹಿಂದೆ ನಡೆದೆವು. ಬಂಡಿಯೊಂದು ಸಿಗುವ ಹೊತ್ತಿಗೆ ಬಿಸಿಲೇರಿತ್ತು. ಊರು ಮುಟ್ಟಿದಾಗ ಮಧ್ಯಾಹ್ನ.

ಒಳಗೆ ಏನಾಯಿತೆಂದು ಬರೆಯಲಾರೆ. ಕೂಸು ಉಳಿಯಿತು, ಹೆಣ್ಣು ಕೂಸು. ತಾಯಿ ಉಳಿಯಲಿಲ್ಲ. ಬಾಯಾರ ಕೈಗಳು ಕೊನೆಯವರೆಗೂ ಕೆಲಸ ಮಾಡಿದವು, ಆಮೇಲೆ ನಿಂತವು.

ಹೊರಗೆ ಕಟ್ಟೆಯ ಹತ್ತಿರ ನಾನು ಅವರ ಕೈಗೆ ನೀರು ಹಾಕುತ್ತಿದ್ದೆ. ಆ ತಂದೆ ಬಂದು ನಿಂತರು. ದನಿಯಲ್ಲಿ ಏರಿಳಿತವೇ ಇರಲಿಲ್ಲ.

"ಬಾಯಾರ, ಒಂದ ಮಾತ ಕೇಳ್ತೀನಿ, ಸಿಟ್ಟಿಲ್ಲ. ನಿಮ್ಮ ಗಾಡಿ ದಾರಿ ತುಂಬ ಹೊಯ್ದಾಡಿಕೋಂತ ಬಂತು. ಅದು ಹಂಗ ಐತಿ ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತು," ಎಂದರು ಬಾಯಾರು.

ಆ ತಂದೆ ತಲೆಯಾಡಿಸಿದರು. "ಆತು ಬಿಡ್ರಿ," ಎಂದು, ಆಗಬೇಕಾದ ಕೆಲಸ ನೋಡಲು ಒಳಗೆ ಹೋದರು.

ಬಂಡಿಯಲ್ಲಿ ಮರಳುವಾಗ, ರಕ್ತ ಬೆಳಗಿನಿಂದಲೇ ಹೋಗಿತ್ತು, ನಾವು ಜಲ್ದಿ ಮುಟ್ಟಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ ಎಂದು ನಾನು ಏನೋ ಹೇಳತೊಡಗಿದೆ.

"ಸುಮ್ನಿರು ತಂಗಿ," ಎಂದರು. "ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ."

ಎತ್ತು ಕಟ್ಟಿ ಕಾರನ್ನು ಮೇಲಕ್ಕೆ ಎಳೆಸಿ ಗದಗಿಗೆ ತರಿಸಿದರು. ಮನೆಗೆ ಒಯ್ಯಲಿಲ್ಲ, ನೇರ ಪ್ರೆಸ್ಸಿನ ವರ್ಕ್‌ಶಾಪಿಗೆ. ಯಜಮಾನರು ಮುಂದೆ ನಿಂತು ಅಚ್ಚು ಬಗ್ಗಿಸಿದಾಗ ಜೊತೆಗಿದ್ದದ್ದು ಅದೇ ಹಳೆಯ ಫಿಟರ್. ಈಗ ಅವರಿಗೇ ಕೈ ಬರಲಿಲ್ಲ.

"ಸಾಹೇಬ್ರು ಕೂಡಿಸಿದ ಅಳತಿ ಇದು, ಬಾಯಾರ. ಒಮ್ಮೆ ತೆಗದ್ರ ಮತ್ತ ಹಂಗ ಕೂಡೂದಿಲ್ಲ."

"ಕೂಡೂದು ಬ್ಯಾಡ. ನೆಟ್ಟಗ ಹೋಗೂ ಹಂಗ ಮಾಡ್ರಿ."

ಅಡ್ಡರಾಡಿನ ನಟ್ಟನ್ನು ಬಾಯಾರೇ ಪಾನಾ ಹಾಕಿ ತಿರುವಿದರು. ಗಾಲಿಗಳ ಮುಂದಿನ ತುದಿಗಳು ಒಂದಿಷ್ಟು ಒಳಕ್ಕೆ ಬರುವವರೆಗೆ ತಿರುವಿದರು. ಬಿಳಿ ಗೆರೆ ನಟ್ಟಿನಿಂದ ದೂರ, ಒಂಟಿಯಾಗಿ ಉಳಿಯಿತು. ಸೀಮೆಎಣ್ಣೆಯ ಅರಿವೆ ಕೇಳಿ ಇಸಿದುಕೊಂಡು ಅದನ್ನು ಉಜ್ಜಿ ತೆಗೆದರು. ಫಿಟರ್ ಬೆಣೆಗಳನ್ನು ಮತ್ತೆ ಹೊಡೆದು ಗೂಟಕ್ಕೆ ಓರೆ ಕೊಟ್ಟರು. ಅಚ್ಚು ನೆಟ್ಟಗಾಗಲು ಇಡೀ ಮಧ್ಯಾಹ್ನ ಬೇಕಾಯಿತು. ಬಾಯಾರು ಮುಗಿಯುವವರೆಗೂ ನಿಂತೇ ಇದ್ದರು. ಕುಂಡ್ರಿ ಎಂದರೆ ಕೂರಲಿಲ್ಲ.

ಮರುದಿನ ಮುಂಡರಗಿ ರಸ್ತೆಯಲ್ಲಿ ಹೋದೆವು. ಆ ಬಯಲು ಬಂತು. ಅವರು ಅತ್ತ ತಿರುಗಿ ನೋಡಲಿಲ್ಲ. ಅದನ್ನು ದಾಟಿ ಸ್ವಲ್ಪ ದೂರ ಹೋದ ಮೇಲೆ ಎರಡೂ ಕೈಗಳನ್ನು ಸ್ಟೇರಿಂಗಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಕಾರು ನೆಟ್ಟಗೆ ಹೋಗುತ್ತಲೇ ಇತ್ತು.

"ಕೈ ಬಿಟ್ರೂ ಹೊಂಟೈತಿ ನೋಡು," ಎಂದರು. ಮತ್ತೆ ಕೈ ಹಚ್ಚಿ ಮುಂಡರಗಿಯವರೆಗೆ ಓಡಿಸಿದರು. ತಿರುವುಗಳಲ್ಲಿ ಕಾರು ಈಗ ಭಾರವಾಗಿತ್ತು, ಅವರು ಹೆಗಲು ಕೊಟ್ಟು ತಿರುಗಿಸಬೇಕಾಗುತ್ತಿತ್ತು. ಮುಂಗೈ ಬಾತುಕೊಳ್ಳುವುದು ಮಾತ್ರ ನಿಂತಿತು.

ಆಮೇಲೆ ಆ ಕಡೆ ಹೋದಾಗಲೆಲ್ಲ ಬಾಯಾರು ಯಳವತ್ತಿಯಲ್ಲಿ ಇಳಿದು ಆ ಕೂಸನ್ನು ನೋಡಿ ಬರುತ್ತಿದ್ದರು. ಅದರ ಅಜ್ಜ ಬೇಡವೆನ್ನಲಿಲ್ಲ, ಬರ್ರಿ ಎಂದೂ ಅನ್ನಲಿಲ್ಲ. ಮನೆಯವರು ಮಜ್ಜಿಗೆ ತಂದಿಡುತ್ತಿದ್ದರು. ಬಾಯಾರು ಕೂಸಿನ ಕಣ್ಣು, ನಾಲಿಗೆ, ಹೊಟ್ಟೆ ನೋಡಿ, ಮಜ್ಜಿಗೆ ಕುಡಿದು ಏಳುತ್ತಿದ್ದರು. ಅದು ನಡೆಯಲು ಕಲಿತ ಮೇಲೆ ಕಾರಿನ ತನಕ ಹಿಂದೆ ಬರುತ್ತಿತ್ತು. ಇನ್ನೂ ಕೆಲವು ವರ್ಷದ ಮೇಲೆ ಆ ರೈತರ ಎರಡನೆಯ ಮಗಳು ಹೆರಿಗೆಗೆಂದು ತವರಿಗೆ ಬಂದಳು. ಅವರು ಮತ್ತೆ ಬೆಳಗಿನ ಮೋಟಾರಿಗೆ ಬೆಟಗೇರಿಗೆ ಬಂದರು. ಬಾಯಾರು ಚೀಲ ತೆಗೆದುಕೊಂಡರು. ಆ ರೈತರು ಹಿಂದೆ ಹಲಗೆಯ ಮೇಲೆ ಕೂತರು. ಹೊತ್ತೇರುವುದರೊಳಗೆ ಮುಟ್ಟಿದೆವು, ತಾಯಿ, ಕೂಸು ಇಬ್ಬರೂ ಉಳಿದರು. ಆ ದಿನವೂ ಬಾಯಾರ ಮುಖ ಹಾಗೇ ಇತ್ತು. ಆದರೆ ಬರುವಾಗ ಮುಳಗುಂದದಲ್ಲಿ ಕಾರು ನಿಲ್ಲಿಸಿ, ನನಗೂ ಒಂದು ಚಹಾ ಹೇಳಿದರು. ಹಿಂದೆಂದೂ ಹಾಗೆ ನಿಲ್ಲಿಸಿದವರಲ್ಲ.

ಕರ್ನಾಟಕ ಒಂದಾದ ವರ್ಷ ಗದಗಿನಲ್ಲಿ ದೀಪ, ಮೆರವಣಿಗೆ, ಭಾಷಣ ಎಲ್ಲ ಇತ್ತು. ನಾವು ಶಿರಹಟ್ಟಿಯಲ್ಲಿ ಒಂದು ಹೆರಿಗೆಯಲ್ಲಿದ್ದೆವು. ಆ ಹೊತ್ತಿಗೆ ನನ್ನ ಮದುವೆ ಗೊತ್ತಾಗಿತ್ತು. ಮದುವೆಯಾಗಿ ರೋಣದ ಕಡೆ ಹೋದೆ. ಬಾಯಾರು ತೀರಿಕೊಂಡ ಸುದ್ದಿ ಬಂದಾಗ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಎದೆನೋವಂತೆ, ದವಾಖಾನೆಯಲ್ಲೇ ಆಯಿತಂತೆ. ಕೈಲಿದ್ದ ರೊಟ್ಟಿ ಬಡಿದು ಮುಗಿಸಿ, ಬೇಯಿಸಿ, ಆಮೇಲೆ ಎದ್ದೆ. ನಾನು ಬೆಟಗೇರಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾರನ್ನು ನೆಂಟರು ಯಾರಿಗೋ ಕೊಟ್ಟಿದ್ದರು. ಅಳು ಬರಲಿಲ್ಲ. ಬರುತ್ತದೆಂದು ಕೆಲವು ದಿನ ಕಾದೆ...

ಗ್ಯಾರೇಜಿನ ಕೆಲಸ ಮುಗಿಯಿತು. ಮೊಮ್ಮಗಳು ನನ್ನ ಕೈ ಹಿಡಿದು ಕಾರಿನಲ್ಲಿ ಕೂರಿಸಿದಳು. ಸ್ವಲ್ಪ ದೂರ ಬಂದ ಮೇಲೆ ಕೇಳಿದಳು, "ಯಾಕ ಅಜ್ಜಿ, ಒಮ್ಮೆಲೆ ಸುಮ್ನಾದಿ?"

"ನಮ್ಮ ಬಾಯಾರು ತೀರಿಕೊಂಡ್ರು," ಎಂದೆ.

ಅವಳು ಗಾಬರಿಯಾಗಿ ಕಾರು ಬದಿಗೆ ತೆಗೆದಳು. "ಯಾವಾಗ?"

"ಭಾಳ ವರ್ಷ ಆತು."

ಆಗ ಅದು ಊರಿಗೆಲ್ಲ ಗೊತ್ತಿದ್ದ ಸುದ್ದಿ. ನಾನು ಯಾರಿಗೂ ಹೇಳಬೇಕಾಗಿರಲಿಲ್ಲ. ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.